ಬಿರುಗಾಳಿ ಸುಲಭ, ನದಿ ಕಷ್ಟ

ಅಮೆರಿಕದ ಶಾಲೆಗಳಲ್ಲಿ ಬ್ಯಾಂಡು ಕಲಿಯುವ ಹನ್ನೊಂದು, ಹನ್ನೆರಡು ವರ್ಷದ ಮಕ್ಕಳು ವರ್ಷಕ್ಕೆ ಎಬ್ಬಿಸುವ ಬಿರುಗಾಳಿಗಳ ಲೆಕ್ಕ ಅಲ್ಲಿಯ ಹವಾಮಾನ ಇಲಾಖೆಯವರ ಹತ್ತಿರವೂ ಇರಲಾರದು. ಡಿಸೆಂಬರಿನ ಕಛೇರಿಗೆ ಒಂದು ಹಿಮಪಾತ, ಮೇ ತಿಂಗಳ ಕಛೇರಿಗೆ ಒಂದು ಗುಡುಗು ಮಳೆ, ನಡುವೆ ಸ್ಪರ್ಧೆ ಗಿರ್ಧೆ ಬಂದರೆ ಅದಕ್ಕೊಂದು ಸಮುದ್ರವೋ ಜ್ವಾಲಾಮುಖಿಯೋ. ಈ ವಿಷಯವನ್ನು ನನ್ನ ತಲೆಗೆ ತುಂಬಿದವರು ಪಕ್ಕದ ಮನೆಯ ರಾಯರು. ಮಗಳ ಮನೆಗೆಂದು ಟೆಕ್ಸಾಸಿಗೆ ಹೋಗಿ ಬಂದಾಗಿನಿಂದ ಅವರು ಕಾಂಪೌಂಡ್ ಗೋಡೆಗೆ ಮೊಣಕೈ ಊರಿದರೆಂದರೆ ಮೊಮ್ಮಗಳ ಕ್ಲಾರಿನೆಟ್ಟಿನ ಮಾತೇ ಮಾತು.

"ಅಲ್ಲಾ ಸ್ವಾಮಿ, ಮೂರು ಶಾಲೆಯವರು ಸೇರಿ ಒಂದೇ ಸಂಜೆ ಕಛೇರಿ ಇಟ್ಟುಕೊಂಡಿದ್ದರು. ಮೂರು ಶಾಲೆಯವರೂ ಬಿರುಗಾಳಿಯನ್ನೇ ಹೊತ್ತುಕೊಂಡು ಬಂದಿದ್ದರು. ಆ ಮಕ್ಕಳಿಗೆ ಒಂದು ಎಳೆ ಬಿಸಿಲು, ಒಂದು ತಂಗಾಳಿ ಅಂತ ನುಡಿಸೋಕೆ ಬರೋಲ್ಲವೇ?"

"ಬರೋಲ್ಲ ರಾಯರೇ. ಬರೋಲ್ಲ ಅಂತಲೇ ಬಿರುಗಾಳಿ."

ರಾಯರು ಕಾಫಿ ಲೋಟವನ್ನು ಗೋಡೆಯ ಮೇಲಿಟ್ಟರು. ಬಿಡಿಸಿ ಹೇಳಿ, ಕೇಳುತ್ತೇನೆ ಅಂತ ಅದರ ಅರ್ಥ. ನನಗೂ ಬ್ಯಾಂಡಿನ ಹುಚ್ಚು ಹಳೆಯದು. ದಸರೆಯಲ್ಲಿ ಊರೆಲ್ಲ ಆನೆ ನೋಡಲು ನೂಕಾಡುತ್ತಿದ್ದರೆ ಪೊಲೀಸ್ ಬ್ಯಾಂಡಿನ ಹಿಂದೆ ಹೋಗುವ ಪೈಕಿ ನಾನು. ಹೇಳುವ ಚಪಲ ನನಗೆ, ಕೇಳುವ ಪುರಸೊತ್ತು ಅವರಿಗೆ.

ಕನ್ಸರ್ಟ್ ಬ್ಯಾಂಡು ಅಂದರೆ ನಮ್ಮ ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟಲ್ಲ. ಇದು ಕೂತು ನುಡಿಸುವ ಬ್ಯಾಂಡು. ಪಿಟೀಲಿಗೆ ಇಲ್ಲಿ ಪ್ರವೇಶವಿಲ್ಲ. ಮುಂದಿನ ಸಾಲಿನಲ್ಲಿ ಕೊಳಲು, ಕ್ಲಾರಿನೆಟ್ಟು, ಅವುಗಳ ಪಕ್ಕ ಸ್ಯಾಕ್ಸೊಫೋನು, ಅವುಗಳ ಹಿಂದೆ ಟ್ರಂಪೆಟ್, ಫ್ರೆಂಚ್ ಹಾರ್ನ್, ಟ್ರಾಂಬೋನ್, ಯುಫೋನಿಯಂ, ಒಬ್ಬ ದಪ್ಪ ಹುಡುಗನನ್ನೂ ಮರೆಮಾಡುವಷ್ಟು ದೊಡ್ಡ ಟ್ಯೂಬಾ. ಕಡೆಯ ಸಾಲಿನಲ್ಲಿ ಬಡಿಯುವವರ ಪಡೆ. ಅಮೆರಿಕದಲ್ಲಿ ಇದು ಪಾಠದ ಒಂದು ವಿಷಯ, ಗಣಿತ ವಿಜ್ಞಾನಗಳ ಹಾಗೆ ವೇಳಾಪಟ್ಟಿಯಲ್ಲಿ ಅದಕ್ಕೊಂದು ಪಿರಿಯಡ್ ಇರುತ್ತದೆ. 1923ರಲ್ಲಿ ಷಿಕಾಗೋದಲ್ಲಿ ಶಾಲಾ ಬ್ಯಾಂಡುಗಳ ಮೊದಲ ರಾಷ್ಟ್ರಮಟ್ಟದ ಸ್ಪರ್ಧೆ ನಡೆಯಿತು. ಅದರ ಹಿಂದೆ ನಿಂತವರು ವಾದ್ಯ ತಯಾರಿಸುವ ಕಂಪನಿಗಳವರು. ಸಂಗೀತದ ಮೇಲಿನ ಪ್ರೀತಿ ಎಷ್ಟಿತ್ತೋ, ತುತ್ತೂರಿ ಮಾರುವ ಆಸೆಯೂ ಅಷ್ಟೇ ಇತ್ತು ಅನ್ನಿ. ಮಾರಿದರು, ಮಕ್ಕಳು ಊದಿದರು, ಇಬ್ಬರಿಗೂ ಒಳ್ಳೆಯದಾಯಿತು.

ಈಗ ಬಿರುಗಾಳಿಯ ಗುಟ್ಟಿಗೆ ಬರೋಣ. ಹೊಸದಾಗಿ ಬ್ಯಾಂಡಿಗೆ ಸೇರಿದ ಮಗುವಿಗೆ ಮೊದಲ ವರ್ಷ ಬರುವುದು ಆರು ಸ್ವರ. ಬಿ ಫ್ಲಾಟ್ ಅನ್ನುವ ಶ್ರುತಿಯನ್ನು ಷಡ್ಜವಾಗಿಟ್ಟುಕೊಂಡು ಶಂಕರಾಭರಣದ ಸ ರಿ ಗ ಮ ಪ ಧ. ನಿಷಾದ ಇನ್ನೂ ಇಲ್ಲ. ಯಾಕಿಲ್ಲ ಅಂದರೆ ಅದಕ್ಕೊಂದು ಮುಖ್ಯ ಕಾರಣ ಈ ರಾಯರ ಮೊಮ್ಮಗಳ ಕೈಯಲ್ಲಿರುವ ವಾದ್ಯವೇ. ಕ್ಲಾರಿನೆಟ್ಟಿನಲ್ಲಿ ಧೈವತದ ತನಕ ಬಂದಾಗ ಎರಡೂ ಕೈಯ ಬೆರಳು ಬಹುಪಾಲು ಎದ್ದೇ ಇರುತ್ತವೆ. ಎಡಗೈಯ ತೋರುಬೆರಳು ಮೇಲಿನ ಒಂದು ಕೀಲಿಯನ್ನು ತಟ್ಟಿದರೆ ಸಾಕು, ಸ್ವರ ಬಂತು. ಅದರ ಮುಂದಿನ ಸ್ವರಕ್ಕೆ ಹೋಗಬೇಕೋ, ಎದ್ದ ಬೆರಳೆಲ್ಲ ಒಂದೇ ಏಟಿಗೆ ಇಳಿದು ಎಲ್ಲ ತೂತುಗಳನ್ನೂ ಮುಚ್ಚಬೇಕು, ಎಡಗೈಯ ಹೆಬ್ಬೆರಳು ಹಿಂಬದಿಯ ತೂತನ್ನೂ ಮುಚ್ಚಿ ಅದರ ಪಕ್ಕದ ಕೀಲಿಯನ್ನೂ ಒತ್ತಬೇಕು, ಕಿರುಬೆರಳು ತನ್ನ ಪಾಲಿನ ಕೀಲಿಯನ್ನು ಹುಡುಕಿಕೊಳ್ಳಬೇಕು. ಯಾವ ಬೆರಳು ಒಂದು ಕೂದಲೆಳೆ ಸರಿದರೂ ಕೀಚ್ ಅನ್ನುವ ಒಂದು ಶಬ್ದ. ಅಮೆರಿಕದ ಬ್ಯಾಂಡ್ ಮೇಷ್ಟ್ರುಗಳು ಈ ಗಡಿಯನ್ನು ಬ್ರೇಕ್ ಅನ್ನುತ್ತಾರೆ. ಚಿಕ್ಕ ಮಕ್ಕಳಿಗೆ ಬರೆಯುವ ಸಂಗೀತದಲ್ಲಿ ಕ್ಲಾರಿನೆಟ್ ಆ ಬ್ರೇಕನ್ನು ದಾಟಬಾರದು ಅನ್ನುವುದು ಪ್ರಕಾಶಕರ ಕಟ್ಟಪ್ಪಣೆ.

"ಸರಿ, ಆರು ಸ್ವರ. ಅದಕ್ಕೂ ಗುಡುಗಿಗೂ ಏನು ಸಂಬಂಧ?"

ರಾಯರು ಕರ್ನಾಟಕ ಸಂಗೀತ ಕೇಳಿ ಬಲಿತ ಕಿವಿಯವರು. ಅವರಿಗೆ ಅವರ ಭಾಷೆಯಲ್ಲೇ ಹೇಳಿದೆ. ಆರು ಸ್ವರದ ಶಂಕರಾಭರಣದಲ್ಲಿ ನಲಿವು ಬರುತ್ತದೆ, ಮೆರವಣಿಗೆ ಬರುತ್ತದೆ. ಒಂದು ಕಛೇರಿಯೆಲ್ಲ ಬರೀ ನಲಿವೇ ಆದರೆ ಕೇಳುವವರು ತೂಕಡಿಸುತ್ತಾರೆ. ಒಂದಿಷ್ಟು ಭಯ, ದುಗುಡ ಬೇಕು. ಹೊಸ ಸ್ವರ ಕಲಿಸದೆ ದುಗುಡ ತರುವುದು ಹೇಗೆ? ಗ್ರಹಭೇದ ಮಾಡುತ್ತಾರೆ. ಧೈವತವನ್ನೇ ಷಡ್ಜವಾಗಿ ಹಿಡಿದರೆ ಶಂಕರಾಭರಣ ನಠಭೈರವಿಯಾಗುತ್ತದಲ್ಲ, ಅದೇ. ಬಿ ಫ್ಲಾಟ್ ಮೇಜರ್ ಹೋಗಿ ಜಿ ಮೈನರ್ ಬಂತು. ಮಕ್ಕಳಿಗೆ ನಿಷಾದ ಇನ್ನೂ ಗೊತ್ತಿಲ್ಲವಾದ್ದರಿಂದ ಹೊಸ ಷಡ್ಜದ ಮೇಲೆ ರಿಷಭ ಸಿಕ್ಕುವುದಿಲ್ಲ. ಉಳಿಯುವುದು ಹಿಂದೋಳಕ್ಕೆ ಪಂಚಮ ಸೇರಿಸಿದಂಥ ಒಂದು ಕತ್ತಲು ಕತ್ತಲಾದ ನಾದ. ಅದನ್ನು ಕೇಳಿದರೆ ಮೋಡ ಕವಿದಂತೆಯೇ ಅನ್ನಿಸುವುದು. ಅದಕ್ಕೆ ಬಿರುಗಾಳಿ ಅಂತ ಹೆಸರಿಡದೆ ಇನ್ನೇನಿಡುತ್ತಾರೆ?

ರಾಯರು ಹಿಂದೋಳವನ್ನು ಗುನುಗಿದರು. ಪಂಚಮ ಹಾಕಿದರು. ಮುಖ ಕಿವುಚಿದರು. "ಮೋಡ ಏನೋ ಬಂತು ಸ್ವಾಮಿ, ಹಿಂದೋಳ ಹೋಯಿತು" ಅಂದರು.

ಇನ್ನೊಂದು ಕಾರಣ ಕಡೆಯ ಸಾಲಿನಲ್ಲಿದೆ. ಯಾವ ಶಾಲೆಯಲ್ಲೇ ಆಗಲಿ ಡೋಲು ಬಡಿಯಲು ಮುಂದೆ ಬರುವ ಮಕ್ಕಳಿಗೆ ಕೊರತೆಯಿಲ್ಲ. ಎಂಟು ಹತ್ತು ಜನ ಸೇರಿಬಿಡುತ್ತಾರೆ. ಮೂರು ನಿಮಿಷದ ಒಂದು ಗೀತೆಯಲ್ಲಿ ಅಷ್ಟು ಜನಕ್ಕೆ ಕೆಲಸ ಹುಡುಕುವುದು ಸಂಯೋಜಕನ ತಲೆನೋವು. ಕೆಲಸವಿಲ್ಲದ ಹುಡುಗ ಕೋಲು ಹಿಡಿದು ಸುಮ್ಮನೆ ನಿಲ್ಲುವ ಪ್ರಾಣಿಯಲ್ಲ. ಪ್ರಕೃತಿ ಇಲ್ಲಿ ಕೈ ಹಿಡಿಯುತ್ತದೆ. ಒಬ್ಬನ ಕೈಗೆ ತೆಳು ಲೋಹದ ದೊಡ್ಡ ತಗಡು ಕೊಡಿ, ತುದಿ ಹಿಡಿದು ಅಲ್ಲಾಡಿಸಿದರೆ ಗುಡುಗು. ಇನ್ನೊಬ್ಬನಿಗೆ ಮಳೆಕೋಲು: ಒಣಗಿದ ಕಳ್ಳಿಯ ಕೊಳವೆ, ಅದರೊಳಗೆ ಅಡ್ಡಡ್ಡ ಚುಚ್ಚಿದ ಮುಳ್ಳು, ಒಂದು ಹಿಡಿ ಸಣ್ಣ ಹರಳು, ಮೆಲ್ಲಗೆ ಬಗ್ಗಿಸಿದರೆ ಹರಳು ಮುಳ್ಳಿಗೆ ತಾಗುತ್ತ ಜಿನುಗುತ್ತದೆ. ಮತ್ತೊಬ್ಬಳಿಗೆ ಅಲೆಯ ಡೋಲು: ಎರಡೂ ಮುಖ ಮುಚ್ಚಿದ ಚಪ್ಪಟೆ ತಮಟೆ, ಒಳಗೆ ಉಕ್ಕಿನ ಗುಂಡುಗಳು, ಓಲಾಡಿಸಿದರೆ ದಂಡೆಗೆ ಬಂದು ಹಿಂದಕ್ಕೆ ಸರಿಯುವ ನೀರು. ದೊಡ್ಡ ಡ್ರಮ್ಮಿನ ಹುಡುಗ ಮೆತ್ತನೆಯ ಕೋಲಿನಲ್ಲಿ ದೂರದ ಗುಡುಗು ಉರುಳಿಸುತ್ತಾನೆ. ಎಲ್ಲರಿಗೂ ಕೆಲಸ, ಮೇಷ್ಟ್ರಿಗೆ ನೆಮ್ಮದಿ.

ರಾಯರಿಗೆ ಹಿಡಿಸಿದ್ದು ಮಾತ್ರ ಈ ಸಾಮಗ್ರಿ ಯಾವುದೂ ಇಲ್ಲದ ಮಳೆ. ಅದನ್ನು ಅವರು ನನಗೆ ಗೋಡೆಯ ಆಚೆ ನಿಂತು ಮಾಡಿಯೇ ತೋರಿಸಿದರು. ಮಕ್ಕಳು ವಾದ್ಯಗಳನ್ನು ತೊಡೆಯ ಮೇಲಿಟ್ಟುಕೊಂಡರಂತೆ. ಕಂಡಕ್ಟರು (ಅಲ್ಲಿ ಟಿಕೆಟ್ ಕೊಡದೆಯೂ ಕಂಡಕ್ಟರಾಗಬಹುದು) ಎಡಗಡೆಯವರತ್ತ ಕೈ ನೀಡಿದ. ಅವರು ಅಂಗೈಗೆ ಅಂಗೈ ಉಜ್ಜತೊಡಗಿದರು. ಗಾಳಿ ಬಂತು. ಕೈ ಬಲಕ್ಕೆ ಸರಿಯಿತು, ಆ ಕಡೆಯವರೂ ಉಜ್ಜಿದರು. ಮತ್ತೆ ಎಡಕ್ಕೆ ಬಂತು, ಚಿಟಿಕೆ ಶುರು. ನಾಲ್ಕು ಹನಿ, ಹತ್ತು ಹನಿ, ಆಮೇಲೆ ಲೆಕ್ಕಕ್ಕೆ ಸಿಕ್ಕದಷ್ಟು. ಯಾರ ಚಿಟಿಕೆಯೂ ಇನ್ನೊಬ್ಬರ ಚಿಟಿಕೆಯ ಜೊತೆಗೆ ಬೀಳಬಾರದು, ಅದೇ ಅದರ ಷರತ್ತು. ಆಮೇಲೆ ಎರಡೂ ಕೈಯಿಂದ ತೊಡೆ ತಟ್ಟಿದರು, ಜಡಿಮಳೆ. ಕಡೆಗೆ ಕಾಲು ನೆಲಕ್ಕೆ. ಅಷ್ಟು ಹೊತ್ತಿಗೆ ತಗಡು ಗುಡುಗಿತು. ಮಳೆ ಹೋದದ್ದೂ ಬಂದ ದಾರಿಯಲ್ಲೇ: ಕಾಲು ನಿಂತಿತು, ತೊಡೆ ನಿಂತಿತು, ಚಿಟಿಕೆ ವಿರಳವಾಯಿತು, ಅಂಗೈ ಉಳಿಯಿತು.

"ಒಂದು ಕ್ಷಣ ನನಗೆ ಒಣಗಲು ಹಾಕಿದ ಬಟ್ಟೆಯ ನೆನಪಾಯಿತು ಕಣ್ರೀ" ಅಂದರು ರಾಯರು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕೇ? ಶ್ರುತಿ ಸೇರಿಸಬೇಕಾಗಿಲ್ಲ, ತಾಳ ತಪ್ಪುವ ಭಯವಿಲ್ಲ, ಆರು ತಿಂಗಳು ಕಲಿತವನೂ ಆರು ವರ್ಷ ಕಲಿತವನೂ ಒಂದೇ. ವಾದ್ಯದೊಳಗೆ ಸ್ವರ ಹುಟ್ಟದಂತೆ ಬರೀ ಉಸಿರು ಬಿಟ್ಟು ಗಾಳಿಯ ಸದ್ದು ಮಾಡಿಸುವುದೂ ಉಂಟು. ಕೆಲವು ಕಡೆ ಹಾಳೆಯಲ್ಲಿ ನಾಲ್ಕು ಸ್ವರ ಕೊಟ್ಟು, ಪ್ರತಿಯೊಬ್ಬರೂ ತಮಗೆ ತೋಚಿದ ವೇಗದಲ್ಲಿ ನುಡಿಸಿಕೊಳ್ಳಿ ಅಂತ ಬರೆದಿರುತ್ತಾರೆ. ಚಿಕ್ಕ ಮಕ್ಕಳ ಬ್ಯಾಂಡು ಉಳಿದ ದಿನವೂ ಮಾಡುವುದು ಅದನ್ನೇ; ಇಲ್ಲಿ ಅದಕ್ಕೆ ಅಪ್ಪಣೆ ಸಿಕ್ಕಿರುತ್ತದೆ ಅಷ್ಟೆ.

ಈ ಬಿರುಗಾಳಿ ಪಂಥದ ದೊಡ್ಡ ಹೆಸರು ಅಲಬಾಮಾದ ರಾಬರ್ಟ್ ಡಬ್ಲ್ಯು. ಸ್ಮಿತ್. 1958ರಲ್ಲಿ ಹುಟ್ಟಿ 2023ರಲ್ಲಿ ತೀರಿಕೊಂಡ ಈತ ಬಾಳಿನುದ್ದಕ್ಕೂ ಬರೆದದ್ದು ಹೆಚ್ಚಾಗಿ ಶಾಲಾ ಬ್ಯಾಂಡುಗಳಿಗೇ. ‘ದ ಟೆಂಪೆಸ್ಟ್’, ‘ಇನ್‌ಟು ದ ಸ್ಟಾರ್ಮ್’ ಈ ಎರಡನ್ನು ನುಡಿಸದೆ ಮಿಡ್ಲ್ ಸ್ಕೂಲ್ ದಾಟಿದ ಬ್ಯಾಂಡ್ ಮಕ್ಕಳು ಅಲ್ಲಿ ಕಡಿಮೆ. ಎರಡನೆಯದಕ್ಕೆ ಕಾರಣವಾದದ್ದು 1993ರ ಮಾರ್ಚಿನಲ್ಲಿ ಅಮೆರಿಕದ ಪೂರ್ವ ಭಾಗವನ್ನೆಲ್ಲ ನುಂಗಿದ ಹಿಮದ ಬಿರುಗಾಳಿ. ಹಿಮ ಅಪರೂಪವಾದ ಅಲಬಾಮಾದಲ್ಲೂ ಅವತ್ತು ಹಿಮ ರಾಶಿ ಬಿತ್ತು. ನಿಜವಾಗಿ ಬಂದ ಹವೆಯನ್ನು ಬರೆದಾಗ ಸಂಗೀತದಲ್ಲಿ ಒಂದು ಬಿಸುಪು ಇರುತ್ತದೆ. ಸ್ಮಿತ್‌ನ ಗಾಳಿಯಲ್ಲಿ ಅದಿದೆ. ಅವನನ್ನು ನೋಡಿ ಬರೆದವರ ಗಾಳಿಯಲ್ಲಿ ಎಷ್ಟೋ ಸಲ ಇಲ್ಲ.

ಪ್ರಕಾಶಕರ ಪಟ್ಟಿಗಳನ್ನು ತಿರುವಿದರೆ ನನಗೊಂದು ಗುಮಾನಿ. ತೋಳದ ಬೇಟೆ, ಹಿಮಪಾತ, ಜ್ವಾಲಾಮುಖಿ, ಕಡಲ್ಗಳ್ಳರ ಹಡಗು ಅಂತ ಹೆಸರು ಬೇರೆ ಬೇರೆ. ಒಳಗೆ ಅದೇ ಜಿ ಮೈನರ್, ಅದೇ ಆರು ಸ್ವರ, ನಡುವೆ ಅದೇ ಒಂದು ನಿಧಾನದ ಭಾಗ, ಕಡೆಗೆ ಅದೇ ದೊಡ್ಡ ಡ್ರಮ್ಮು. ಹಿಟ್ಟು ಒಂದೇ, ಚಕ್ಕುಲಿಯ ಅಚ್ಚು ಬೇರೆ. ಸಂಗೀತ ಬರೆದಾದ ಮೇಲೆ ಹವಾಮಾನ ಹುಡುಕುತ್ತಾರೋ ಏನೋ! ಗೀತೆಗಳನ್ನು ಕಷ್ಟದ ಪ್ರಕಾರ 1ರಿಂದ 6ರವರೆಗೆ ಗ್ರೇಡು ಮಾಡಿಡುತ್ತಾರೆ, ತೀರ ಎಳೆಯರಿಗೆ ಅರ್ಧ ಗ್ರೇಡೂ ಉಂಟು. ಕೆಳಗಿನ ಗ್ರೇಡುಗಳಲ್ಲಿ ಇಂಥ ಹೆಸರಿನ ಅಬ್ಬರ ಜಾಸ್ತಿ. ಹನ್ನೊಂದು ವರ್ಷದ ಹುಡುಗನಿಗೆ ‘ಗೀತೆ ಸಂಖ್ಯೆ ನಾಲ್ಕು’ ಅಂದರೆ ಮನೆಯಲ್ಲಿ ಅಭ್ಯಾಸ ಮಾಡುತ್ತಾನೆಯೇ? ಜ್ವಾಲಾಮುಖಿ ಅಂದರೆ ಕೇಳದೆಯೂ ಮಾಡುತ್ತಾನೆ, ಪಕ್ಕದ ಮನೆಯವರ ಗತಿ ಏನಾದರಾಗಲಿ.

ಹೆಸರಿಗೆ ತಕ್ಕ ಒಳಗೂ ಇರುವಂಥವು ಇವೆ. ಮೈಕೆಲ್ ಡಾರ್ಟಿ ದೊಡ್ಡ ದೊಡ್ಡ ಆರ್ಕೆಸ್ಟ್ರಾಗಳಿಗೆ ಬರೆಯುವ ಮನುಷ್ಯ. ಮಿಡ್ಲ್ ಸ್ಕೂಲಿನ ಮಕ್ಕಳಿಗೂ ಹೆಸರಾಂತ ಸಂಯೋಜಕರಿಂದ ಬರೆಸಬೇಕು ಅಂತ ಅಮೆರಿಕನ್ ಕಂಪೋಸರ್ಸ್ ಫೋರಂ ನಡೆಸಿಕೊಂಡು ಬಂದ ಬ್ಯಾಂಡ್‌ಕ್ವೆಸ್ಟ್ ಎಂಬ ಮಾಲೆಗೆ ಆತ 2003ರಲ್ಲಿ ‘ಅಲಿಗೇಟರ್ ಆಲಿ’ ಬರೆದ. ಫ್ಲಾರಿಡಾದ ಜೌಗು ಸೀಮೆಯ ನಡುವೆ ಹೋಗುವ ಹೆದ್ದಾರಿಯೊಂದಕ್ಕೆ ಆ ಹೆಸರು. ಅಲ್ಲಿಯ ಮೊಸಳೆ ಅಳಿದೇ ಹೋಗುತ್ತದೆ ಅನ್ನುವ ಸ್ಥಿತಿ ತಲುಪಿ, ಕಾಪಾಡಿದ ಮೇಲೆ ಚೇತರಿಸಿಕೊಂಡು, 1987ರಲ್ಲಿ ಅಪಾಯದ ಪಟ್ಟಿಯಿಂದ ಹೊರಬಂತು. ಡಾರ್ಟಿ ಮೊಸಳೆಯ ಪಾತ್ರವನ್ನು ಬಸೂನಿಗೆ ಕೊಟ್ಟ. ಬಸೂನು ಅಂದರೆ ಉದ್ದನೆಯ ಮರದ ಕೊಳವೆ, ಗಂಟಲು ಕಟ್ಟಿದ ಹಿರಿಯರ ದನಿ, ಬ್ಯಾಂಡಿನಲ್ಲಿ ಯಾರ ಕಿವಿಗೂ ಬೀಳದ ವಾದ್ಯ. ಬೇಟೆಗಾರರ ಪಾತ್ರ ಹಿತ್ತಾಳೆ ವಾದ್ಯಗಳ ಪಾಲಿಗೆ. ಇದರಲ್ಲಿ ಬಸೂನಿನ ಹುಡುಗಿಗೆ ಮೊದಲ ಸಲ ತಾನೂ ಒಬ್ಬಳು ಅನ್ನಿಸುತ್ತದಲ್ಲ, ನನಗೆ ಅದು ದೊಡ್ಡದು.

ಹಕ್ಕಿಗಳ ವಿಷಯಕ್ಕೆ ಬಂದರೆ ರಾಯರದ್ದೊಂದು ತಕರಾರು. "ಕೋಗಿಲೆ ಅಂತ ಹಾಳೆಯಲ್ಲಿ ಅಚ್ಚು ಹಾಕಿದ್ದರು. ಎಲ್ಲಿ ಕೂಗಿತೋ ನನಗಂತೂ ಕೇಳಲಿಲ್ಲ." ಕೇಳಿರುತ್ತದೆ, ಗುರುತು ಸಿಕ್ಕಿಲ್ಲ. ಯುರೋಪಿನ ಕುಕೂ ಹಕ್ಕಿ ಎರಡು ಸ್ವರ ಹಾಡುತ್ತದೆ, ಮೊದಲನೆಯದು ಮೇಲೆ, ಎರಡನೆಯದು ಕೆಳಗೆ. ಗಡಿಯಾರದ ಕುಕೂ ನೆನಪಿಸಿಕೊಳ್ಳಿ. ನಮ್ಮ ಕೋಗಿಲೆ ತದ್ವಿರುದ್ಧ: ಕೆಳಗಿಂದ ಮೇಲಕ್ಕೆ ಜಾರಿ, ಕೂಗಿನಿಂದ ಕೂಗಿಗೆ ಇನ್ನೂ ಮೇಲೇರಿ, ನೆತ್ತಿ ಮುಟ್ಟಿ ತಟ್ಟನೆ ನಿಲ್ಲಿಸುತ್ತದೆ. ಬೀಥೋವನ್ 1808ರ ಪಾಸ್ಟೊರಲ್ ಸಿಂಫನಿಯಲ್ಲಿ ಕುಕೂವನ್ನು ಕ್ಲಾರಿನೆಟ್ಟಿಗೆ, ನೈಟಿಂಗೇಲನ್ನು ಕೊಳಲಿಗೆ, ಕ್ವೇಲ್ ಹಕ್ಕಿಯನ್ನು ಓಬೋಗೆ ಒಪ್ಪಿಸಿದ. ಹಾಗೆ ಒಪ್ಪಿಸಿಯೂ ಇದು ಚಿತ್ರ ಬಿಡಿಸುವ ಸಂಗೀತವಲ್ಲ, ಭಾವವೇ ಇಲ್ಲಿ ಮುಖ್ಯ ಅಂತ ಒಂದು ಷರಾ ಬರೆದ. ಅಂದಿನಿಂದ ಇಂದಿನವರೆಗೂ ಪಶ್ಚಿಮದ ಕ್ಲಾರಿನೆಟ್ಟುಗಳು ಕುಕೂ ಅಂತ ಕೆಳಗಿಳಿಯುತ್ತಲೇ ಇವೆ. ಮೈಸೂರಿನ ಕಿವಿಗೆ ಅದು ಕೋಗಿಲೆ ಆಗುವುದಾದರೂ ಹೇಗೆ?

ನಮ್ಮ ಹಕ್ಕಿಯನ್ನು ಸರಿಯಾಗಿ ಕೇಳಿಸಿಕೊಂಡವನೊಬ್ಬ ಫ್ರಾನ್ಸಿನಲ್ಲಿದ್ದ, ಒಲಿವಿಯೆ ಮೆಸಿಯಾನ್. 1956ರಲ್ಲಿ ಆತ ಪಿಯಾನೋ, ಊದುವ ವಾದ್ಯ, ಬಡಿಯುವ ವಾದ್ಯಗಳನ್ನಷ್ಟೇ ಇಟ್ಟುಕೊಂಡು ಮಾಡಿದ ಪರದೇಶದ ಹಕ್ಕಿಗಳ ಕೃತಿ ಶುರುವಾಗುವುದೇ ಭಾರತದ ಬೆಟ್ಟದ ಮೈನಾದ ಕೂಗಿನಿಂದ. ಅದರಲ್ಲಿ ಶಾರ್ಙ್ಗದೇವನ ‘ಸಂಗೀತ ರತ್ನಾಕರ’ದ ದೇಶೀ ತಾಳಗಳನ್ನೂ ಹೆಣೆದಿದ್ದಾನೆ. ಶಾರ್ಙ್ಗದೇವ 13ನೆಯ ಶತಮಾನದ ದೇವಗಿರಿಯ ಸೇವುಣರ ಆಸ್ಥಾನದವನು. ಅವನು ಪಟ್ಟಿ ಮಾಡಿದ 120 ದೇಶೀ ತಾಳಗಳನ್ನು ನಾವು ಗ್ರಂಥದಲ್ಲಿ ಬಿಟ್ಟು ಕೂತಿದ್ದರೆ ಪ್ಯಾರಿಸಿನಲ್ಲಿ ಒಬ್ಬ ಅವನ್ನು ಮೈನಾದ ಜೊತೆಗಿಟ್ಟು ನುಡಿಸಿದ. ಇದು ಮಕ್ಕಳ ಕೈಗೆ ಬರುವ ಸಂಗೀತವಲ್ಲ, ಪಳಗಿದವರಿಗೂ ಬೆವರಿಳಿಸುತ್ತದೆ. ರಾಯರು ಕೇಳುತ್ತಾರೆಂದು ಮಾತಿನ ಭರದಲ್ಲಿ ಹೇಳಿದೆ.

ಹೆಸರಿನಲ್ಲಿ ಪ್ರಕೃತಿ ಇರಲಿ ಬಿಡಲಿ, ವಾದ್ಯದಲ್ಲಿ ಇದ್ದೇ ಇರುತ್ತದೆ. ಕ್ಲಾರಿನೆಟ್ಟಿನ ಬಾಯಿಗೆ ಕಟ್ಟುವ ರೀಡು ಜೊಂಡು ಜಾತಿಯ ಒಂದು ಹುಲ್ಲಿನ ಸೀಳು. ಒಳ್ಳೆಯದು ಬೆಳೆಯುವುದು ದಕ್ಷಿಣ ಫ್ರಾನ್ಸಿನ ವಾರ್ ಸೀಮೆಯಲ್ಲಿ. ನಮ್ಮ ನಾಗಸ್ವರದ ಸೀವಾಳಿಯೂ ಹುಲ್ಲಿನ ಮಗನೇ ಅಲ್ಲವೇ? ಒಣಗಿದರೆ ಮುನಿಸು, ಅತಿ ನೆನೆದರೆ ಜೋಲು, ತುದಿ ಮುಕ್ಕಾದರೆ ಕಸದ ಬುಟ್ಟಿ. ಕಛೇರಿಗೆ ಮುಂಚೆ ಅಷ್ಟೂ ಮಕ್ಕಳು ಬಾಯಲ್ಲಿ ಕಡ್ಡಿ ಕಚ್ಚಿಕೊಂಡು ಕೂತಿರುವುದು ಅದಕ್ಕೇ. ಚಳಿಯಲ್ಲಿ ಊದುವ ವಾದ್ಯದ ಶ್ರುತಿ ಇಳಿಯುತ್ತದೆ, ದೀಪಗಳ ಕೆಳಗೆ ಬಿಸಿಯಾದಂತೆ ಏರುತ್ತದೆ. ಮಕ್ಕಳು ಬಿರುಗಾಳಿಯನ್ನು ಅಭಿನಯಿಸುವ ಹೊತ್ತಿಗೆ ಸಭಾಂಗಣದ ನಿಜವಾದ ಹವೆ ಅವರ ಶ್ರುತಿಯನ್ನು ತಿರುಚುತ್ತಿರುತ್ತದೆ. ಇನ್ನು ಹಿತ್ತಾಳೆ ವಾದ್ಯದ ಹುಡುಗರು ಎರಡು ಗೀತೆಗಳ ನಡುವೆ ಕೊಳವೆಯ ಕೀಲಿ ಒತ್ತಿ, ಊಫ್ ಅಂತ ಊದಿ, ಒಳಗೆ ಕಟ್ಟಿಕೊಂಡ ನೀರನ್ನು ನೆಲದ ಬಟ್ಟೆಯ ಮೇಲೆ ಇಳಿಸುತ್ತಾರೆ. ರಾಯರು ಮೊದಲ ದಿನ ಅದನ್ನೂ ಮಳೆಯ ಗೀತೆಯ ಒಂದು ಭಾಗ ಅಂದುಕೊಂಡಿದ್ದರಂತೆ.

ಇಷ್ಟೆಲ್ಲ ಆದ ಮೇಲೆ ಅವರ ಮೊದಲ ಪ್ರಶ್ನೆ ಹಾಗೇ ಇತ್ತು: ತಂಗಾಳಿ ಯಾಕಿಲ್ಲ? ಇದೆ. ಫ್ರಾಂಕ್ ಟಿಕೆಲಿಯ ‘ಶೆನಂಡೋವಾ’ ಇದೆ. 1999ರಲ್ಲಿ ಬಂದದ್ದು, ರಾಯರ ಮಗಳು ಇರುವ ಟೆಕ್ಸಾಸಿನದ್ದೇ, ಆಸ್ಟಿನ್ನಿನ ಒಂದು ಮಿಡ್ಲ್ ಸ್ಕೂಲ್ ಬ್ಯಾಂಡಿಗಾಗಿ ಬರೆಸಿದ್ದು. ತಮ್ಮ ಜೊತೆ ಹಾರ್ನ್ ನುಡಿಸುತ್ತಿದ್ದು ತೀರಿಹೋದ ಒಬ್ಬ ಹುಡುಗನ ನೆನಪಿಗೆ ಆ ಬ್ಯಾಂಡು ಅದನ್ನು ಬರೆಸಿತು. ಹಳೆಯ ಜನಪದ ಮಟ್ಟು, ಅದರ ಸುತ್ತ ಒಂದು ನದಿ. ತನ್ನನ್ನು ಸೆಳೆದದ್ದು ಆ ಹಾಡಿನ ನದಿಯೇ ಅಂತ ಟಿಕೆಲಿ ಹೇಳಿಕೊಂಡಿದ್ದಾನೆ. ಜಾನ್ ಮ್ಯಾಕೆಯ ‘ಶೆಲ್ಟರಿಂಗ್ ಸ್ಕೈ’ ಇದೆ, 2012ರದ್ದು, ಇದೂ ಶಾಲಾ ಬ್ಯಾಂಡುಗಳು ಕೇಳಿ ಬರೆಸಿಕೊಂಡದ್ದೇ. ಮ್ಯಾಕೆ ಬೇರೆ ಕಡೆ ಕಬ್ಬಿಣ ಕುಟ್ಟುವಂಥ ಸಂಗೀತಕ್ಕೆ ಹೆಸರಾದವನು. ಇಲ್ಲಿ ಮೆಲುದನಿಯಲ್ಲಿ ಆಕಾಶ ಕಟ್ಟಿದ್ದಾನೆ.

ಇವುಗಳಲ್ಲಿ ಸ್ವರ ಕಡಿಮೆ, ವೇಗವಿಲ್ಲ, ಬೆರಳಿಗೆ ಶ್ರಮವಿಲ್ಲ. ಆದರೂ ಮೇಷ್ಟ್ರುಗಳು ಹೆದರುವುದು ಇವಕ್ಕೇ. ಬಿರುಗಾಳಿಯಲ್ಲಿ ಒಬ್ಬ ತಪ್ಪಿದರೆ ಅದು ಮಿಂಚು ಅಂದುಕೊಂಡು ಅಪ್ಪ ಅಮ್ಮ ಚಪ್ಪಾಳೆ ತಟ್ಟುತ್ತಾರೆ. ನದಿಯಲ್ಲಿ ಒಬ್ಬ ತಪ್ಪಿದರೆ ಅದು ತಪ್ಪೇ. ಮೆಲ್ಲಗೆ ಊದುವಾಗ ತುಟಿ ನಡುಗುತ್ತದೆ, ಸ್ವರ ಹುಟ್ಟುವ ಮೊದಲೇ ಒಡೆಯುತ್ತದೆ. ಉದ್ದನೆಯ ಒಂದು ಸ್ವರವನ್ನು ನಲವತ್ತು ಜನ ಹಿಡಿದಾಗ ನಲವತ್ತು ಶ್ರುತಿಯೂ ಬೇರೆ ಬೇರೆಯಾಗಿ ಕೇಳುತ್ತದೆ. ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಂಡರೆ ನದಿ ನಿಂತೇ ಹೋಗುತ್ತದೆ. ಹಾಗಾಗಿ ಪಕ್ಕದವಳು ಉಸಿರು ತೆಗೆದುಕೊಳ್ಳುವಾಗ ನಾನು ಹಿಡಿದಿರಬೇಕು, ನಾನು ತೆಗೆದುಕೊಳ್ಳುವಾಗ ಅವಳು ಹಿಡಿದಿರಬೇಕು. ಹನ್ನೆರಡು ವರ್ಷದ ಮಕ್ಕಳಿಗೆ ಇದನ್ನು ಕಲಿಸುವುದು ಸಾಮಾನ್ಯವೇ? ನನ್ನನ್ನು ಕೇಳಿದರೆ ಶಾಲಾ ಬ್ಯಾಂಡಿನ ಪ್ರಕೃತಿ ಸಂಗೀತದಲ್ಲಿ ಉಳಿಯುವಂಥದ್ದು ಈ ನಿಧಾನದ ಗೀತೆಗಳೇ. ಬಿರುಗಾಳಿಗಳು ಮಕ್ಕಳನ್ನು ಬ್ಯಾಂಡಿಗೆ ಕರೆತರುವ ಆಮಿಷ. ಆಮಿಷ ಬೇಡ ಅನ್ನುವುದಿಲ್ಲ, ಅದನ್ನೇ ಊಟ ಮಾಡಿಬಿಡಬಾರದು.

ಜಪಾನಿನವರು ಇದನ್ನು ಚೆನ್ನಾಗಿ ಬಲ್ಲರು. ಅಲ್ಲಿಯ ಅಖಿಲ ಜಪಾನ್ ಬ್ಯಾಂಡ್ ಸ್ಪರ್ಧೆ 1940ರಲ್ಲಿ ಶುರುವಾಗಿ, ಯುದ್ಧದಿಂದ ನಿಂತು, 1956ರಲ್ಲಿ ಮತ್ತೆ ಆರಂಭವಾಯಿತು. ಪ್ರತಿ ವರ್ಷ ಕಡ್ಡಾಯ ಗೀತೆ ಅಂತ ಕೆಲವನ್ನು ಹೊರಡಿಸುತ್ತಾರೆ, ಅದರಲ್ಲಿ ಒಂದು, ತಮ್ಮ ಆಯ್ಕೆಯದ್ದು ಇನ್ನೊಂದು, ಎರಡೂ ಸೇರಿ 12 ನಿಮಿಷ ಮೀರುವಂತಿಲ್ಲ. 1987ರ ಕಡ್ಡಾಯ ಗೀತೆಗಳಲ್ಲೊಂದು ಹಿರೋಶಿ ಹೋಷಿನಾ ಬರೆದ ‘ಫೂಮೋನ್’. ಗಾಳಿ ಬೀಸಿ ಹೋದ ಮೇಲೆ ಮರಳಿನ ಮೇಲೆ ಉಳಿಯುವ ಗೆರೆಗಳು ಅದರ ವಸ್ತು. ನೋಡಿ, ಗಾಳಿಯನ್ನೇ ಬರೆಯಲಿಲ್ಲ ಆ ಪುಣ್ಯಾತ್ಮ! ಅಲ್ಲಿ ಹೈಸ್ಕೂಲ್ ಮಕ್ಕಳು ಅದನ್ನು ಇವತ್ತಿಗೂ ಬಿಡದೆ ನುಡಿಸುತ್ತಾರೆ.

"ನಮ್ಮಲ್ಲಿ?" ಅಂದರು ರಾಯರು.

ನಮ್ಮಲ್ಲಿ ಮಳೆಯ ರಾಗವಿದೆ. ದೀಕ್ಷಿತರು ಎಟ್ಟಯಪುರದ ಬರಗಾಲದಲ್ಲಿ ಅಮೃತವರ್ಷಿಣಿ ಹಾಡಿ ಮಳೆ ಬರಿಸಿದರು ಅನ್ನುವ ಕತೆಯೂ ಇದೆ. ಆದರೆ ನಮ್ಮ ರಾಗ ಬಾ ಅಂತ ಮಳೆಯನ್ನು ಬೇಡುತ್ತದೆ, ಬಂದ ಮಳೆಯ ಅಣಕು ಮಾಡಲು ಹೋಗುವುದಿಲ್ಲ. ಊದುವ ವಾದ್ಯಕ್ಕೂ ನಮಗೆ ಬರವಿಲ್ಲ. ಬಂಟ್ವಾಳ ತಾಲ್ಲೂಕಿನ ನಾಗಸ್ವರದ ಮನೆತನದ ಹುಡುಗನೊಬ್ಬ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ, ವರ್ಷಗಟ್ಟಲೆ ಹೆಣಗಿ ಅದರಿಂದ ಗಮಕ ಹೊರಡಿಸಿದ, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆಗೆ ಏರಿದ. ಅವರೇ ಕದ್ರಿ ಗೋಪಾಲನಾಥರು, 2019ರಲ್ಲಿ ತೀರಿಹೋದರು. ದಕ್ಷಿಣ ಕನ್ನಡದ ಮದುವೆ ಮಂಟಪದಲ್ಲೂ ದೇವಸ್ಥಾನದ ಉತ್ಸವದಲ್ಲೂ ಇವತ್ತು ಸ್ಯಾಕ್ಸೊಫೋನು ಮನೆಯ ಮಗನ ಹಾಗೆ ಓಡಾಡುತ್ತಿದೆ. ಒಂದು ಬ್ಯಾಂಡು ಒಬ್ಬ ಹುಡುಗನ ಕಿವಿಗೆ ಬಿದ್ದದ್ದರ ಫಲ ಇಷ್ಟು.

ಆದ್ದರಿಂದ ಸಂಗೀತ ಬರೆಯಬಲ್ಲ ಕನ್ನಡದವರಲ್ಲಿ, ಇಲ್ಲಿರಲಿ ಹೊರದೇಶದಲ್ಲಿರಲಿ, ರಾಯರದ್ದೂ ನನ್ನದೂ ಸೇರಿ ಒಂದು ಅರ್ಜಿ. ಚಿಕ್ಕ ಮಕ್ಕಳ ಬ್ಯಾಂಡಿಗೆ ನಮ್ಮ ಮಳೆಗಾಲದ್ದೊಂದು ಗೀತೆ ಬರೆದುಕೊಡಿ. ಆರಿದ್ರಾ, ಪುನರ್ವಸು, ಆಶ್ಲೇಷಾ ಅಂತ ಮಳೆಗಳಿಗೆ ಹೆಸರುಗಳಿವೆ, ಯಾವುದನ್ನಾದರೂ ಹಿಡಿಯಿರಿ. ಆಗುಂಬೆಯ ಜಡಿಮಳೆಯೇ ಆಗಬೇಕೆಂದಿಲ್ಲ, ಸೋನೆ ಸಾಕು. ಮೂರು ನಿಮಿಷ ಮೀರದಿರಲಿ. ಆರೇ ಸ್ವರ. ಕ್ಲಾರಿನೆಟ್ಟು ಬ್ರೇಕ್ ದಾಟುವುದು ಬೇಡ. ಬಸೂನಿಗೆ ಒಂದು ಒಳ್ಳೆಯ ಸಾಲು, ಕಡೆಯ ಸಾಲಿನವರಿಗೆಲ್ಲ ಒಂದೊಂದು ಕೆಲಸ ಇರಲಿ. ಕೋಗಿಲೆ ಹಾಕುವುದಾದರೆ ಅದು ಮೇಲಕ್ಕೇರಬೇಕು. ಗುಡುಗು ಒಂದೇ ಒಂದು ಸಲ, ಅದೂ ದೂರದಲ್ಲಿ. ಮತ್ತೆ, ದಯವಿಟ್ಟು ಶಂಕರಾಭರಣದಲ್ಲೇ ಇರಲಿ. ಆ ಜಿ ಮೈನರನ್ನು ಇನ್ನೊಮ್ಮೆ ಕೇಳುವ ತ್ರಾಣ ರಾಯರಿಗಿಲ್ಲ.